ದಸರಾ ಆನೆಯ ವಿಡಿಯೊ ಇಟ್ಟುಕೊಂಡು ಅನಿಮೇಷನ್ ಬರೆಯುವುದು ಹೇಗೆ

ಕೈಯಲ್ಲಿ ಬರೆಯುವ ಅನಿಮೇಷನ್ ಕಲಿಯುತ್ತಿದ್ದೀರಾ, ಮೈಸೂರಲ್ಲಿದ್ದೀರಾ? ಹಾಗಾದರೆ ದಸರಾ ತಾಲೀಮನ್ನು ಬಿಡಬೇಡಿ. ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಗಜಪಡೆ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಯಲು ಶುರು ಮಾಡುತ್ತದೆ, ಸುಮಾರು 5 ಕಿಲೋಮೀಟರ್ ದಾರಿ. ಮೊದಮೊದಲು ಬೆನ್ನ ಮೇಲೆ ಭಾರ ಇರುವುದಿಲ್ಲ, ಆಮೇಲೆ ಮರಳು ಮೂಟೆ, ಆಮೇಲೆ ಮರದ ಅಂಬಾರಿ, ಜಂಬೂ ಸವಾರಿ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿ. ಅದೇ ಆನೆ, ಅದೇ ರಸ್ತೆ, ಭಾರ ಮಾತ್ರ ಬೇರೆ. ತೂಕವನ್ನು ಗೆರೆಯಲ್ಲಿ ತರುವುದೇ ಅನಿಮೇಷನ್‌ನಲ್ಲಿ ಕಷ್ಟದ ಕೆಲಸ, ಅದನ್ನು ಕಲಿಯಲು ಇಂಥ ಅವಕಾಶ ಬೇರೆ ಊರಲ್ಲಿ ಸಿಗುವುದಿಲ್ಲ.

ಗಜಪಡೆ ಸಾಗುವ ಸಯ್ಯಾಜಿರಾವ್ ರಸ್ತೆಯಲ್ಲಿ ಪಾದಗಳು ಪೂರ್ತಿ ಕಾಣುವ ಜಾಗ ನೋಡಿ ನಿಲ್ಲಿ. ಜನರ ತಲೆ ಅಡ್ಡ ಬಂದು ಪಾದ ಮುಚ್ಚಿಹೋದರೆ ಆ ವಿಡಿಯೊ ಕೆಲಸಕ್ಕೆ ಬರುವುದಿಲ್ಲ, ಯಾಕೆಂದರೆ ನಡಿಗೆಯೆಲ್ಲ ಇರುವುದು ಪಾದ ನೆಲಕ್ಕೆ ತಾಗುವ ಕ್ಷಣದಲ್ಲಿ. ಫೋನನ್ನು ಟ್ರೈಪಾಡ್ ಮೇಲಿಟ್ಟು ಅಲ್ಲಾಡಿಸದೆ ಬಿಡಿ, ಆನೆಯ ಹಿಂದೆ ಫೋನ್ ತಿರುಗಿಸಬೇಡಿ. ಹಿಂದಿನ ಕಂಬ, ಗೋಡೆ ನಿಂತಲ್ಲೇ ಇದ್ದರೆ ಒಂದೊಂದು ಹೆಜ್ಜೆಗೆ ಆನೆ ಎಷ್ಟು ಮುಂದೆ ಹೋಯಿತು ಅಂತ ಅಳೆಯಬಹುದು. ದೂರ ನಿಂತು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಹತ್ತಿರದ ಕಾಲು ಊದಿಕೊಂಡ ಹಾಗೆ ಕಾಣುತ್ತದೆ. ಆನೆಗೂ ಮಾವುತರಿಗೂ ತೊಂದರೆ ಕೊಡಬೇಡಿ, ಫ್ಲ್ಯಾಶ್ ಅಂತೂ ಬೇಡವೇ ಬೇಡ.

ಸ್ಲೋ ಮೋಷನ್‌ನಲ್ಲಿ ತೆಗೆಯಬೇಡಿ, ವೇಗದ ಲೆಕ್ಕ ತಪ್ಪುತ್ತದೆ. ಫೋನಿನಲ್ಲಿ ಸೆಕೆಂಡಿಗೆ 24 ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ಅಂತ ಸೆಟ್ಟಿಂಗ್ ಇದ್ದರೆ ಅದನ್ನೇ ಇಡಿ. ಇಲ್ಲದಿದ್ದರೆ 30ರಲ್ಲಿ ತೆಗೆದು ಆಮೇಲೆ ಬದಲಿಸಿಕೊಳ್ಳಿ, ಅಲ್ಲೊಂದು ಇಲ್ಲೊಂದು ಫ್ರೇಮ್ ಬಿಟ್ಟುಹೋಗುತ್ತದೆ, ಅಭ್ಯಾಸಕ್ಕೆ ಪರವಾಗಿಲ್ಲ.

ಮನೆಗೆ ಬಂದ ತಕ್ಷಣ ಪೆನ್ ಹಿಡಿಯಬೇಡಿ. ವಿಎಲ್‌ಸಿ (VLC) ಎಂಬ ವಿಡಿಯೊ ಪ್ಲೇಯರ್‌ನಲ್ಲಿ ವಿಡಿಯೊ ಹಾಕಿ, ಕೀಬೋರ್ಡಿನ ‘E’ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿ. ಯಾವ ಪಾದ ಯಾವಾಗ ಊರಿತು ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ, ಈ ಕ್ರಮ ಸಿಗುತ್ತದೆ. ಮುಂಗಾಲು ಎದ್ದ ಜಾಗದ ಹತ್ತಿರವೇ ಅದೇ ಬದಿಯ ಹಿಂಗಾಲು ಬಂದು ಊರುತ್ತದೆ, ಗಮನಿಸಿ. ಆನೆ ಎಷ್ಟು ಜೋರಾಗಿ ಹೋದರೂ ಕುದುರೆಯ ಹಾಗೆ ನಾಲ್ಕೂ ಕಾಲನ್ನು ಗಾಳಿಗೆ ಎತ್ತುವುದಿಲ್ಲ. ಭಾರ ಇಲ್ಲದ ದಿನದ ವಿಡಿಯೊ, ಮರದ ಅಂಬಾರಿ ಹೊತ್ತ ದಿನದ ವಿಡಿಯೊ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದು ಹೆಜ್ಜೆಗೆ ಎಷ್ಟು ಫ್ರೇಮ್ ಹಿಡಿಯಿತು, ಭುಜ ಎಷ್ಟು ಇಳಿಯಿತು, ತಲೆ ಎಷ್ಟು ಆಡಿತು ಅಂತ ಎಣಿಸಿ. ನಿಮ್ಮ ಅನಿಮೇಷನ್‌ಗೆ ಬೇಕಾದ್ದು ಈ ಕಾಗದ.

ಈಗ ಬರೆಯುವುದು. ಕೃತಾ (Krita) ಚಿತ್ರ, ಅನಿಮೇಷನ್ ಬರೆಯುವ ಉಚಿತ ಸಾಫ್ಟ್‌ವೇರ್, ಅದರ ಫೈಲ್ ಮೆನುವಿನಿಂದಲೇ ವಿಡಿಯೊವನ್ನು ಫ್ರೇಮ್‌ಗಳಾಗಿ ಒಳಗೆ ತರಬಹುದು. ಒಂದೆರಡು ಹೆಜ್ಜೆಯಷ್ಟು ಮಾತ್ರ ತನ್ನಿ, ಜಾಸ್ತಿ ತಂದರೆ ಕಂಪ್ಯೂಟರ್ ತಿಣುಕುತ್ತದೆ. ವಿಡಿಯೊ ಇರುವ ಲೇಯರ್‌ನ (ಪದರದ) ಒಪಾಸಿಟಿ ಇಳಿಸಿ ಮಸುಕು ಮಾಡಿ, ಮೇಲೊಂದು ಲೇಯರ್‌ನಲ್ಲಿ ಪಾದ ಊರುವ ಫ್ರೇಮ್‌ಗಳಿಗೆ ಮಾತ್ರ ಬೆನ್ನಿನ ಗೆರೆ, ಭುಜ, ಸೊಂಟ, ಮಂಡಿ, ಪಾದ ಇಷ್ಟನ್ನೇ ಗುರುತು ಹಾಕಿ. ಹೊರಗಿನ ಆಕಾರ ಮುಟ್ಟಬೇಡಿ. ಆಮೇಲೆ ವಿಡಿಯೊ ಲೇಯರನ್ನು ಮುಚ್ಚಿಬಿಡಿ.

ಮುಚ್ಚಲೇಬೇಕು. ಫ್ರೇಮ್ ಮೇಲೆ ಫ್ರೇಮ್ ಟ್ರೇಸ್ ಮಾಡುವ ರೋಟೋಸ್ಕೋಪ್ ಹಳೆಯ ವಿದ್ಯೆ, ಅಮೆರಿಕದ ಅನಿಮೇಷನ್ ಕಲಾವಿದ ಮ್ಯಾಕ್ಸ್ ಫ್ಲೈಷರ್ ಅವರಿಗೆ 1917ರಲ್ಲೇ ಅದರ ಪೇಟೆಂಟ್ ಸಿಕ್ಕಿತ್ತು, ಅದರಲ್ಲಿ ಒಳ್ಳೆಯ ಕೆಲಸಗಳೂ ಆಗಿವೆ. ಆದರೆ ಕಲಿಯುವಾಗ ಟ್ರೇಸ್ ಮಾಡಿದರೆ ಕಣ್ಣು ಹೊರಗಿನ ಅಂಚನ್ನು ಹಿಂಬಾಲಿಸುತ್ತದೆ, ಭಾರ ಒಂದು ಕಾಲಿಂದ ಇನ್ನೊಂದು ಕಾಲಿಗೆ ಹೋಗಿದ್ದು ಕಾಣುವುದೇ ಇಲ್ಲ. ಪ್ಲೇ ಮಾಡಿದರೆ ಗೆರೆ ನಡುಗುತ್ತದೆ, ಆನೆ ತೇಲುತ್ತದೆ. ನಿಮ್ಮ ಗುರುತುಗಳ ಮೇಲೆ ನಿಮ್ಮದೇ ಆನೆಯನ್ನು ಕಟ್ಟಿ. ಭಾರ ಬೀಳುವ ಕಡೆ ಭುಜವನ್ನು ವಿಡಿಯೊದಲ್ಲಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿಯೇ ಇಳಿಸಿ, ಗೆರೆಯಲ್ಲಿ ಬರೆದಾಗ ಅದು ಸರಿಯಾಗಿ ಕಾಣುತ್ತದೆ. ನಡುವಿನ ಚಿತ್ರಗಳನ್ನು ಆನಿಯನ್ ಸ್ಕಿನ್ (ಹಿಂದಿನ, ಮುಂದಿನ ಚಿತ್ರ ಮಸುಕಾಗಿ ಕಾಣಿಸುವ ಸೌಲಭ್ಯ) ಹಾಕಿಕೊಂಡು ತುಂಬಿ. ಒಂದು ಚಿತ್ರ ಎರಡು ಫ್ರೇಮ್ ನಿಲ್ಲಲಿ, ಸೆಕೆಂಡಿಗೆ 12 ಚಿತ್ರ, ಆನೆಯ ನಿಧಾನಕ್ಕೆ ಧಾರಾಳವಾಯಿತು. ಸೊಂಡಿಲು, ಕಿವಿ, ಬಾಲ ಕೊನೆಗೆ. ಅವು ಮೈ ಅಲ್ಲಾಡಿದ ಮೇಲೆ ಸ್ವಲ್ಪ ತಡವಾಗಿ ಅಲ್ಲಾಡಬೇಕು.

ಮಂಡ್ಯ ಕಡೆಯವರಾದರೆ ದಸರಾಕ್ಕೆ ಕಾಯಬೇಕಾಗಿಲ್ಲ. ಕಬ್ಬು ತುಂಬಿದ ಎತ್ತಿನ ಗಾಡಿ ಸಿಕ್ಕಿದರೆ, ಗಾಡಿಯವರನ್ನು ಕೇಳಿ, ನಿಂತ ಗಾಡಿ ಹೊರಡುವ ಮೊದಲ ಹೆಜ್ಜೆಯನ್ನೇ ತೆಗೆಯಿರಿ. ಎತ್ತು ಕುತ್ತಿಗೆ ತಗ್ಗಿಸಿ, ಹಿಂಗಾಲು ಒತ್ತಿ, ನೊಗಕ್ಕೆ ಭಾರ ಕೊಡುತ್ತದೆ, ಗಾಡಿ ಆಮೇಲೆ ಕದಲುತ್ತದೆ. ಎತ್ತು ಒತ್ತುವುದಕ್ಕೂ ಚಕ್ರ ತಿರುಗುವುದಕ್ಕೂ ನಡುವೆ ಎಷ್ಟು ಫ್ರೇಮ್ ಇದೆ ಅಂತ ಎಣಿಸಿ, ನಿಮ್ಮ ಟೈಮ್‌ಲೈನ್‌ನಲ್ಲೂ ಅಷ್ಟೇ ಬಿಡಿ.