ಪುಣೆಯ ವಾಘೋಲಿಯ ಫ್ಲ್ಯಾಟಿಗೆ 4/2 ಲೀಟರಿನ ಕಮೋಡ್ ಆರಿಸಿದ್ದು

4/2 ಅಂದರೆ ಪೂರ್ತಿ ಫ್ಲಶ್‌ಗೆ 4 ಲೀಟರ್, ಅರ್ಧ ಫ್ಲಶ್‌ಗೆ 2. "ನಾಲ್ಕು ಲೀಟರಿಗೆ ಏನೂ ಹೋಗಲ್ಲ, ಪೈಪ್ ಕಟ್ಟಿಕೊಳ್ಳುತ್ತೆ" ಅಂತ ಪ್ಲಂಬರ್ ಹೇಳಿದ, ಧಾರವಾಡದ ನನ್ನ ಭಾವನೂ ಹೇಳಿದರು. ಎರಡು ಬೇಸಿಗೆ ದಾಟಿದೆ, ಒಂದು ಸಲವೂ ಕಟ್ಟಿಲ್ಲ.

ನಮ್ಮದು ಟ್ಯಾಂಕರ್ ನೀರು. ಬೇಸಿಗೆಯಲ್ಲಿ 10,000 ಲೀಟರಿಗೆ ಸಾವಿರದ ಐನೂರರ ಆಸುಪಾಸು. ಹಳೇ ಟ್ಯಾಂಕ್ ಒಂದು ಫ್ಲಶ್‌ಗೆ ಸುಮಾರು 10 ಲೀಟರ್ ಸುರಿಯುತ್ತಿತ್ತು. ನಾಲ್ಕು ಜನ, ತಲಾ ಐದು ಸಲ ಅಂದರೆ ದಿನಕ್ಕೆ 200 ಲೀಟರ್. ಈಗ 50ರ ಒಳಗೆ ಮುಗಿಯುತ್ತದೆ. ತಿಂಗಳಿಗೆ ಹತ್ತಿರ ಹತ್ತಿರ ಅರ್ಧ ಟ್ಯಾಂಕರ್ ಉಳಿತಾಯ.

ನೀರು ಉಳಿಸೋಕೆ ಹಳೇ ಟ್ಯಾಂಕಿನೊಳಗೆ ಮರಳು ತುಂಬಿದ ಬಾಟಲಿ ಇಟ್ಟೂ ನೋಡಿದ್ದೇನೆ. ಪ್ಯಾನ್ ಜಾಸ್ತಿ ನೀರಿಗೆ ಅಂತ ಮಾಡಿದ್ದು, ಹಾಗಾಗಿ ಎರಡೆರಡು ಸಲ ಒತ್ತಬೇಕಾಯಿತು. ಉಳಿದದ್ದೇನೂ ಇಲ್ಲ. ಆಮೇಲೆ ತಂದ ಸೈಫನ್ ಮಾದರಿ (ಕೊಳೆಯನ್ನು ಹೀರಿ ಎಳೆಯುವಂಥದ್ದು) ನೋಡೋಕೆ ಚೆಂದ, ಆದರೆ ಒಳಗಿನ ಬಾಗಿದ ದಾರಿ ಕಿರಿದು. ಪದೇ ಪದೇ ಕಟ್ಟಿಕೊಂಡಿತು. ಹದಿನಾಲ್ಕು ಸಾವಿರ ಕೊಟ್ಟಿದ್ದನ್ನು ಐದಕ್ಕೆ ಮಾರಿದೆ. ಅದಕ್ಕೇ ವಾಶ್‌ಡೌನ್ ಮಾದರಿ ಬಿಟ್ಟು ಬೇರೆ ಕಡೆ ನೋಡಬೇಡಿ. ದಾರಿ ಅಗಲ, ನೀರು ನೇರ ತಳ್ಳುತ್ತದೆ. ಬ್ರಷ್ ಸ್ವಲ್ಪ ಜಾಸ್ತಿ ಬೇಕು, ಅಷ್ಟೇ.

ಪ್ಯಾನ್, ಟ್ಯಾಂಕ್ ಎರಡೂ ಒಂದೇ ಜೋಡಿಯದು ತಗೊಳ್ಳಿ. ಬೇರೆ ಬೇರೆ ಸೇರಿಸಿದರೆ ಡಬ್ಬದ ಮೇಲಿನ ಅಂಕಿಗೆ ಅರ್ಥವೇ ಇಲ್ಲ. ನಾನು ಕೂರಿಸೋ ಮೊದಲೇ ಟೆರೇಸಿನಲ್ಲಿ ಪರೀಕ್ಷೆ ಮಾಡಿದೆ. ಇಟ್ಟಿಗೆಯ ಮೇಲೆ ಪ್ಯಾನ್, ಹಿಂದೆ ನಾಲ್ಕು ಇಂಚಿನ ಪೈಪ್ ಹತ್ತು ಅಡಿ, ತುದಿಗೆ ಬಕೆಟ್. ಅಮೆರಿಕ, ಕೆನಡಾದಲ್ಲಿ ಸೋಯಾ ಪೇಸ್ಟ್ ಹಾಕಿ ಫ್ಲಶ್ ಪರೀಕ್ಷೆ ಮಾಡುತ್ತಾರೆ. ನಾನು ಜೋಳದ ಹಿಟ್ಟು ಕಲಸಿದೆ. 350 ಗ್ರಾಂ ಒಂದೇ ಫ್ಲಶ್‌ಗೆ ಬಕೆಟ್ ಸೇರಿತು! ನೋಡುತ್ತಿದ್ದ ಪ್ಲಂಬರ್ ಮಾತೇ ಆಡಲಿಲ್ಲ. ಹಿಟ್ಟಿನ ಹದ ಮಾತ್ರ ಹೇಳಲ್ಲ, ಅದು ನನ್ನ ಗುಟ್ಟು.

ಬಕೆಟಿನ ನೀರನ್ನೂ ಅಳೆಯಿರಿ. ಒಂದು ಟ್ಯಾಂಕ್ 4 ಅಂತ ಬರೆದು ಐದೂವರೆ ಬಿಟ್ಟಿತು. ಒಳಗಿನ ಫ್ಲೋಟ್ (ನೀರಿನ ಮಟ್ಟ ಹಿಡಿಯುವ ತೇಲುಬುರುಡೆ) ಇಳಿಸಿ ಸರಿ ಮಾಡಿದೆ. ಗೋಡೆಯ ಟೈಲ್ಸ್ ಮೇಲಿಂದ ಔಟ್‌ಲೆಟ್ಟಿನ (ನೆಲದಲ್ಲಿ ಕೊಳೆ ಹೋಗುವ ತೂತಿನ) ನಡುಭಾಗದ ತನಕ ಅಂತರ ಅಳೆದು ನೋಡಿ, ಇಲ್ಲದಿದ್ದರೆ ನೆಲ ಒಡೆಯಬೇಕಾದೀತು. ಜೋಡಿಗೆ ಒಂಬತ್ತು ಸಾವಿರ, ಕೂಲಿ, ಸಾಮಾನು ಸೇರಿ ಇನ್ನೊಂದು ಮೂರು ಆಯಿತು.

ನಿಜವಾದ ಶತ್ರು ಗಡಸು ನೀರು. ಟ್ಯಾಂಕಿನ ತಳದಲ್ಲಿ ನೀರು ತಡೆಯುವ ರಬ್ಬರ್ ಸೀಲ್ ಮೇಲೆ ಬಿಳಿ ಪದರ ಕಟ್ಟಿ ನೀರು ಸದ್ದಿಲ್ಲದೆ ಜಿನುಗುತ್ತದೆ, ಉಳಿಸಿದ್ದೆಲ್ಲ ಹೋಗುತ್ತದೆ. ಕೇಸರಿಬಾತಿಗೆ ಹಾಕುವ ಬಣ್ಣ ಸ್ವಲ್ಪ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಪ್ಯಾನ್‌ನಲ್ಲಿ ಬಣ್ಣ ಕಂಡರೆ ಸೀಲ್ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ. ಬಿಡಿ ಸೀಲ್ ಸಿಗುವ ಬ್ರ್ಯಾಂಡನ್ನೇ ಕೊಳ್ಳಿ. ನಾನು ಎರಡು ತಂದಿಟ್ಟಿದ್ದೇನೆ, ಒಂದಕ್ಕೆ ಇನ್ನೂರರ ಹತ್ತಿರ.

ಇನ್ನೊಂದು ಬಾತ್‌ರೂಮಿನ ಪೈಪ್ ಮುಖ್ಯ ಲೈನಿಗೆ ಸೇರುವ ತನಕ ಬಲು ಉದ್ದ, ಇಳಿಜಾರೂ ಕಡಿಮೆ. ಅಲ್ಲಿಗೆ 4/2 ಹಾಕಲ್ಲ, 6/3 ನೋಡುತ್ತಿದ್ದೇನೆ. ಮಳೆಗಾಲ ಮುಗಿದ ಮೇಲೆ ಅದನ್ನೂ ಟೆರೇಸಿಗೆ ಹತ್ತಿಸುತ್ತೇನೆ.