ಹ್ಯಾಸ್ ಮತ್ತು ಫಿನಿಶ್ಡ್ ನಡುವಿನ ಜಾಗ

ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುವುದು ನನ್ನ ಕೆಲಸ. ಶುರುವಿನಲ್ಲಿ ನಾನು ‘ಶಿ ಆಲ್ರೆಡಿ ಹ್ಯಾಸ್ ಫಿನಿಶ್ಡ್ ದ ವರ್ಕ್’ ಅಂತಲೇ ಬರೆಯುತ್ತಿದ್ದೆ. ಪೂರ್ತಿ ತಪ್ಪು ಅನ್ನುವ ಹಾಗಿಲ್ಲ. ಆದರೆ ಜೋರಾಗಿ ಓದಿದರೆ ನಾಲಿಗೆ ಎಡವುತ್ತಿತ್ತು.

ಹಾಗೆ ಬರೆಯುತ್ತಿದ್ದುದಕ್ಕೆ ಕಾರಣ ಹುಡುಕಿದಾಗ ಎರಡು ಸಿಕ್ಕವು. ಒಂದು, ಕ್ರಿಯಾಪದವನ್ನು ಒಡೆಯಬಾರದು ಅಂತ ಯಾರೋ ಹೇಳಿಕೊಟ್ಟಿದ್ದ ಮಾತು. 19ನೇ ಶತಮಾನದಲ್ಲಿ ಕೆಲವು ವ್ಯಾಕರಣಕಾರರು ‘ಟು’ ಮತ್ತು ಕ್ರಿಯಾಪದದ ನಡುವೆ ಪದ ತೂರಿಸಬೇಡಿ ಅಂದಿದ್ದರು. ಅದೇ ಭಯ ‘ಹ್ಯಾಸ್ ಫಿನಿಶ್ಡ್’ಗೂ ಅಂಟಿಕೊಂಡಿದೆ. ಇನ್ನೊಂದು, ನಮ್ಮ ಭಾಷೆ. ‘ಆಗಲೇ ಮುಗಿಸಿದ್ದಾಳೆ’ ಅನ್ನುತ್ತೇವೆ. ‘ಮುಗಿಸಿದ್ದಾಳೆ’ ಒಂದೇ ಪದ, ನಡುವೆ ಜಾಗವೇ ಇಲ್ಲ. ಇಂಗ್ಲಿಷಿನಲ್ಲಿ ಜಾಗ ಇದೆ, ‘ಆಲ್ರೆಡಿ’ಯಂಥ ಆಡ್‌ವರ್ಬ್ (ಕ್ರಿಯಾವಿಶೇಷಣ) ಸಾಮಾನ್ಯವಾಗಿ ಅಲ್ಲೇ ಕೂರುತ್ತದೆ.

ಆಮೇಲೆ ಕರಡು ತಿದ್ದುವಾಗ ಮೊದಲ ಹೆಲ್ಪಿಂಗ್ ವರ್ಬ್ (‘ಹ್ಯಾಸ್’, ‘ವಿಲ್’ ಥರದ ಸಹಾಯಕ ಕ್ರಿಯಾಪದ) ಕೆಳಗೆ ಗೆರೆ ಎಳೆಯತೊಡಗಿದೆ. ಆಡ್‌ವರ್ಬನ್ನು ಅದರ ಪಕ್ಕಕ್ಕೆ ತಂದೆ: ‘ಶಿ ಹ್ಯಾಸ್ ಆಲ್ರೆಡಿ ಫಿನಿಶ್ಡ್’. ಕ್ರಿಯಾಪದಗಳು ಮೂರಿದ್ದರೂ ಹಾಗೇ: ‘ದೇ ವಿಲ್ ಪ್ರಾಬಬ್ಲಿ ಹ್ಯಾವ್ ಲೆಫ್ಟ್’. ಹೆಲ್ಪಿಂಗ್ ವರ್ಬ್ ಇಲ್ಲದಿದ್ದರೆ ಮುಖ್ಯ ಕ್ರಿಯಾಪದದ ಮುಂಚೆ: ‘ಶಿ ಆಲ್ವೇಸ್ ವಾಕ್ಸ್’. ‘ಈಸ್’ ಒಂದೇ ಇದ್ದರೆ ಅದರ ನಂತರ: ‘ಶಿ ಈಸ್ ಆಲ್ವೇಸ್ ಲೇಟ್’.

ಇದೇ ಹುರುಪಿನಲ್ಲಿ ಒಮ್ಮೆ ‘ದ ರಿಪೋರ್ಟ್ ಹ್ಯಾಸ್ ಕೇರ್‌ಫುಲಿ ಬೀನ್ ಚೆಕ್ಡ್’ ಅಂತ ಬರೆದೆ. ಸರಿ ಕೇಳಿಸಲಿಲ್ಲ. ಕೆಲಸ ಹೇಗೆ ನಡೆಯಿತು ಅಂತ ಹೇಳುವ ಪದ ಮುಖ್ಯ ಕ್ರಿಯಾಪದವನ್ನೇ ಹಿಡಿದುಕೊಳ್ಳುತ್ತದೆ: ‘ಹ್ಯಾಸ್ ಬೀನ್ ಕೇರ್‌ಫುಲಿ ಚೆಕ್ಡ್’. ಈಗ ಗೆರೆ ಎಳೆಯುವ ಮುಂಚೆ ‘ಹೇಗೆ?’ ಅಂತ ಕೇಳಿಕೊಳ್ಳುತ್ತೇನೆ.

ನನಗೆ ಜಾಸ್ತಿ ಸಮಯ ಹಿಡಿದದ್ದು ‘ನಾಟ್’. ‘ಹಿ ವಿಲ್ ಪ್ರಾಬಬ್ಲಿ ನಾಟ್ ಕಮ್’ ಸರಿ. ಆದರೆ ‘ವೋಂಟ್’ ಬಂದರೆ ‘ಪ್ರಾಬಬ್ಲಿ’ ಅದಕ್ಕಿಂತ ಮುಂಚೆ ಬರುತ್ತದೆ: ‘ಹಿ ಪ್ರಾಬಬ್ಲಿ ವೋಂಟ್ ಕಮ್’. ‘ರಿಯಲಿ’ಯಂತೂ ಜಾಗ ಬದಲಿಸಿದರೆ ಅರ್ಥವನ್ನೇ ಬದಲಿಸುತ್ತದೆ. ಒಂದು ಕತೆಯಲ್ಲಿ ಹುಡುಗ ‘ನನಗೆ ನಿಜವಾಗಲೂ ಗೊತ್ತಿಲ್ಲ’ ಅನ್ನುತ್ತಾನೆ. ನಾನು ‘ಐ ಡೋಂಟ್ ರಿಯಲಿ ನೋ’ ಅಂತ ಬರೆದಿದ್ದೆ. ಅದರ ಅರ್ಥ ‘ಅಷ್ಟಾಗಿ ಗೊತ್ತಿಲ್ಲ’ ಅಂತ. ಹುಡುಗ ಆಣೆ ಮಾಡುವ ಹಾಗೆ ಹೇಳುತ್ತಿದ್ದಾನೆ, ನನ್ನ ಅನುವಾದದಲ್ಲಿ ಜಾರಿಕೊಳ್ಳುತ್ತಿದ್ದ! ‘ಐ ರಿಯಲಿ ಡೋಂಟ್ ನೋ’ ಅಂತ ತಿದ್ದಿದ ಮೇಲೆ ಅವನ ದನಿ ಅವನಿಗೆ ವಾಪಸ್ ಬಂತು.