ಹಿಮದ ಬೋರ್ಡ್ ಬಿಟ್ಟು ಸನ್ಮೈಕಾ ಬೋರ್ಡ್: ಮರಳು ದಿಬ್ಬದಲ್ಲಿ ನನ್ನ ಅನುಭವ

ಕಳೆದ ಜನವರಿಯಲ್ಲಿ ಜೈಸಲ್ಮೇರ್ ಹತ್ತಿರದ ಸಮ್ ದಿಬ್ಬದ ತುದಿಯಿಂದ ಬುಡದವರೆಗೆ ನಾನು ನಿಂತು ಜಾರುವ ಬೋರ್ಡ್ ಎಲ್ಲೂ ನಿಲ್ಲದೆ ಇಳಿಯಿತು. ಅಲ್ಲಿಗೆ ಮುಟ್ಟಲು ಎರಡು ವರ್ಷ, ಮೂರು ಪ್ರಯಾಣ ಹಿಡಿಯಿತು. ಕಾಶ್ಮೀರದ ಗುಲ್ಮಾರ್ಗ್‌ನ ಹಿಮದಲ್ಲಿ ಜೊತೆಗಿದ್ದ ಗೆಳೆಯರು "ಮರಳಲ್ಲಿ ಕೂತು ಜಾರಬಹುದು, ನಿಂತು ತಿರುಗಿಸೋಕಾಗಲ್ಲ ಬಿಡು" ಅಂದಿದ್ದರು. ತಿರುಗಿಸಿದ್ದೇನೆ, ಒಂದೇ ಇಳಿತದಲ್ಲಿ ನಾಲ್ಕು ಸಲ. ಹಿಮದ ಮೇಲೆ ಒಂದೆರಡು ಸೀಸನ್ ಕಳೆದವರಿಗಾಗಿ ಬರೆಯುತ್ತಿದ್ದೇನೆ, ಎಡ್ಜ್ (ಬೋರ್ಡಿನ ಅಂಚು), ಸ್ಟಾನ್ಸ್ (ನಿಲ್ಲುವ ಭಂಗಿ) ಹೆಚ್ಚು ವಿವರಿಸಲು ಹೋಗುವುದಿಲ್ಲ.

ಮೊದಲ ಸಲ ಡಿಸೆಂಬರಿನಲ್ಲಿ ಗುಲ್ಮಾರ್ಗ್‌ನ ಹಿಮದ ಬೋರ್ಡನ್ನೇ ಸಮ್‌ಗೆ ಹೊತ್ತುಕೊಂಡು ಹೋದೆ. ಹತ್ತಿರ ಹತ್ತಿರ ನಲವತ್ತು ಸಾವಿರದ್ದು. ಹಿಮವಾದರೆ ತಳದಲ್ಲಿ ತೆಳುವಾಗಿ ಕರಗಿ ಜಾರಿಸುತ್ತದೆ. ಮರಳು ಕರಗುವುದಿಲ್ಲ, ಉಜ್ಜುತ್ತದೆ. ಐದಾರು ಇಳಿತಕ್ಕೆ ಮೆತ್ತನೆಯ ಪ್ಲಾಸ್ಟಿಕ್ ತಳದ ತುಂಬ ಗೀರು. ಹತ್ತಡಿಗೊಮ್ಮೆ ನಿಂತುಬಿಡುತ್ತಿತ್ತು. ಕಾಲನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗಿನ ಹಲ್ಲುಗಳೊಳಗೆ ಮರಳು ಸಿಕ್ಕಿ ಪಟ್ಟಿ ಬಿಚ್ಚಲು ಬರದೆ, ಕೊನೆಗೆ ಚಾಕುವಿನಿಂದ ಕೊಯ್ದೆ. ಆ ಬೋರ್ಡ್ ಈಗ ಅಟ್ಟದ ಮೇಲಿದೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಮರಳಿಗೆ ಬೇಕಾದ್ದು ಗಟ್ಟಿ, ನುಣುಪು ತಳ. ಅಡುಗೆಮನೆ ಕಪಾಟಿಗೆ ಹಾಕುವ ಸನ್ಮೈಕಾ ಸಾಕು. ಕೋಲಾರದಲ್ಲಿ ನಮ್ಮ ಬೀದಿಯ ಆಚಾರಿಯವರ ಹತ್ತಿರ ತೆಳು ಪ್ಲೈವುಡ್ ಮೂರು ಪದರ ಬಗ್ಗಿಸಿ ಅಂಟಿಸಿಕೊಂಡೆ. "ಏನ್ ಸಾರ್ ಇದು, ತೊಟ್ಲಾ?" ಅಂದರು. "ಮೂತಿ ಇನ್ನೊಂದು ಇಂಚು ಮೇಲೇಳಲಿ ಆಚಾರ್ರೇ, ಆಮೇಲೆ ಹೇಳ್ತೀನಿ" ಅಂದೆ. ಒಟ್ಟು ಮೂರೂವರೆ ಸಾವಿರ ಆಗಿರಬೇಕು.

ಪರೀಕ್ಷೆಗೆ ಮಾಲೂರು ಕಡೆಯ ಒಂದು ಕ್ರಷರಿನಲ್ಲಿ ಎಂ-ಸ್ಯಾಂಡ್ ರಾಶಿ ಹತ್ತಿದೆ. ಎರಡಾಳೆತ್ತರದ ರಾಶಿ, ಆದರೂ ಬೋರ್ಡ್ ಗೇಣುದ್ದ ಕದಲಲಿಲ್ಲ. ಆಗ ಕಾಳುಗಳನ್ನು ಅಂಗೈಯಲ್ಲಿ ಹರಡಿ ನೋಡಿದೆ. ಎಂ-ಸ್ಯಾಂಡ್ ಒಡೆದ ಕಲ್ಲು, ಎಲ್ಲಾ ಮೂಲೆ ಮೂಲೆ. ಸಮ್‌ನಿಂದ ಡಬ್ಬಿಯಲ್ಲಿ ತಂದಿದ್ದ ಮರಳು ಗಾಳಿಗೆ ಉರುಳಿ ಉರುಳಿ ರಾಗಿಯ ಹಾಗೆ ದುಂಡಗಾಗಿತ್ತು. ಕೆಜಿಎಫ್‌ನ ಚಿನ್ನದ ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬ ಇದೆಯಲ್ಲ ಅಂದವರೂ ಇದ್ದಾರೆ. 2001ರಲ್ಲಿ ಗಣಿ ಮುಚ್ಚಿದರೂ ಆ ಧೂಳು ಇನ್ನೂ ಗಾಳಿಗೆದ್ದು ಊರೊಳಗೆ ಬರುತ್ತದೆ. ದಯವಿಟ್ಟು ಯಾರೂ ಅಲ್ಲಿ ಈ ಆಟಕ್ಕೆ ಇಳಿಯಬೇಡಿ.

ಎರಡನೇ ಸಲ ಮಾರ್ಚ್ ಕೊನೆಗೆ ಸಮ್‌ಗೆ ಹೋದೆ. ಬೋರ್ಡ್ ಮೊದಲ ದಿನ ಚೆನ್ನಾಗಿಯೇ ಓಡಿತು. ಎರಡನೇ ದಿನ ಮಧ್ಯಾಹ್ನ ಕಾದ ಮರಳಿನ ಮೇಲೆ ಇಟ್ಟು ಟೀ ಕುಡಿದು ಬರುವಷ್ಟರಲ್ಲಿ ಬಾಲದ ಕಡೆ ಸನ್ಮೈಕಾ ಹಪ್ಪಳದ ಹಾಗೆ ಎದ್ದಿತ್ತು. ಬಿಳಿ ಮರದಂಟು ಬಿಸಿಗೆ ಮೆತ್ತಗಾಗಿತ್ತು. ರೈಲು, ಬಸ್ಸು, ಊಟ, ವಸತಿ ಸೇರಿ ಹನ್ನೆರಡು ಸಾವಿರ ಹೋಯಿತು, ಕೈಗೆ ಬಂದದ್ದು ಒಂದೂವರೆ ದಿನದ ಓಟ.

ಮೂರನೇ ಬೋರ್ಡಿಗೆ ಎಪಾಕ್ಸಿ ಅಂಟು ಬಳಸಿದೆ, ಖರ್ಚು ಐದು ಸಾವಿರ ದಾಟಿತು. ಬೈಂಡಿಂಗ್ ಬದಲು ಪಂಕ್ಚರ್ ಅಂಗಡಿಯ ಲಾರಿ ಟ್ಯೂಬ್ ಕೊಯ್ದು ಪಟ್ಟಿ ಹಾಕಿದೆ. ಬರಿಗಾಲಲ್ಲಿ ಸಿಕ್ಕಿಸಿದರೆ ಮುಗಿಯಿತು, ಬಿದ್ದರೆ ತಾನೇ ಕಳಚುತ್ತದೆ. ಮೇಣದ್ದೇ ದೊಡ್ಡ ಕಥೆ. ಜೇನುಮೇಣ ಅಂಟಿ ಮರಳನ್ನು ಹಿಡಿದುಕೊಂಡಿತು. ಕೊಬ್ಬರಿ ಎಣ್ಣೆ ಹಚ್ಚಿದಾಗ ತಳ ಉಪ್ಪುಕಾಗದದಂತಾಯಿತು. ಕೊನೆಗೆ ನಿಂತದ್ದು ಸಾದಾ ಮೇಣದ ಬತ್ತಿಯ ಪ್ಯಾರಾಫಿನ್, ಜೊತೆಗೆ ಇನ್ನೊಂದು ಪುಡಿ. ಆ ಪುಡಿ ಯಾವುದು, ಎಷ್ಟು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಪ್ರತಿ ಇಳಿತಕ್ಕೂ ಮುಂಚೆ ಹಚ್ಚಿ, ಹತ್ತಿ ಬಟ್ಟೆಯಲ್ಲಿ ತಳ ಹೊಳೆಯುವವರೆಗೆ ತಿಕ್ಕಬೇಕು. ಒಂದು ಸಲ ಬಿಟ್ಟರೂ ಗೊತ್ತಾಗುತ್ತದೆ.

ಜಾಗ ಆರಿಸುವಾಗ ಗಾಳಿಯ ಮರೆಯ ಮಗ್ಗುಲು ನೋಡಿ. ಮರಳು ತಾನಾಗಿ ಸುರಿದು ನಿಂತ ಕಡಿದಾದ ಮುಖ ಅದು, ಸುಮಾರು 32ರಿಂದ 34 ಡಿಗ್ರಿ. ಗಾಳಿ ಹೊಡೆಯುವ ಕಡೆಯ ಇಳಿಜಾರಿನಲ್ಲಿ ಏನು ಮಾಡಿದರೂ ಓಡುವುದಿಲ್ಲ. ಬೆಳಗಿನ ಇಬ್ಬನಿ ಆರಲಿ, ಒಂಬತ್ತೂವರೆಯ ಮೊದಲು ಹತ್ತಬೇಡಿ.

ಕಾಲಿಗೆ ಕಲಿಸಿದ್ದನ್ನು ಮರೆಸುವುದೇ ಕಷ್ಟ. ಹಿಮದಲ್ಲಿ ಮುಂಗಾಲಿಗೆ ಭಾರ ಕೊಟ್ಟು ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಮೂತಿ ಹೂತು ಮುಗ್ಗರಿಸುತ್ತೀರಿ, ನಾನು ಏಳೆಂಟು ಸಲ ಮುಗ್ಗರಿಸಿದ್ದೇನೆ. ಭಾರ ಹಿಂಗಾಲಿನ ಮೇಲಿರಲಿ. ಮೊದಲು ನೇರ ಇಳಿದು ವೇಗ ಹಿಡಿಯಿರಿ, ಆಮೇಲೆ ಹಿಮ್ಮಡಿಯಿಂದ ನಿಧಾನ ವಾಲಿಸಿ ಅಗಲವಾಗಿ ತಿರುಗಿಸಿ. ಎಡ್ಜ್ ಕಚ್ಚಿಸಲು ಹೋದರೆ ಅಲ್ಲೇ ನಿಲ್ಲುತ್ತದೆ.

ಹತ್ತು ನಿಮಿಷ ಹತ್ತಿ ಹತ್ತು ಸೆಕೆಂಡು ಇಳಿಯುವುದು, ಅಲ್ಲಿ ಮೇಲೆ ಒಯ್ಯುವ ಗೊಂಡೋಲ (ಕೇಬಲ್ ಕಾರ್) ಇಲ್ಲ. ಆ ಜನವರಿಯಲ್ಲಿ ದಿನಕ್ಕೆ ಇಪ್ಪತ್ತು ಸಲವಾದರೂ ಹತ್ತಿದ್ದೇನೆ. ತಂಗಿಯ ಮಗಳಿಗೂ ಬೇಕಂತೆ. ಆಚಾರಿಯವರು ಈಗ ಮೂರೂವರೆ ಅಡಿಯದ್ದಕ್ಕೆ ಅಳತೆ ಹಾಕುತ್ತಿದ್ದಾರೆ.